ಹಿಂದಿನ ಜಗಲಿಯ ಪಾಠ

ಶೃಂಗೇರಿಯಿಂದ ಕೆರೆಕಟ್ಟೆ ಕಡೆಗೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗೆ ನಾಲ್ಕು ಮನೆಗಳಿವೆ. ಒಂದು ಕಾಲಕ್ಕೆ ಒಂದೇ ಮನೆಯಾಗಿದ್ದು ಅಣ್ಣತಮ್ಮಂದಿರ ನಡುವೆ ಪಾಲಾಗಿ ನಾಲ್ಕಾದವು. ಒಲೆ ಬೇರೆಯಾದರೂ ಬಾವಿ ಒಂದೇ ಉಳಿಯಿತು, ಕಟ್ಟುಪಾಡೂ ಒಂದೇ ಉಳಿಯಿತು. ಈ ಮನೆಗಳಲ್ಲಿ ಹೆಂಗಸರು ತಿಂಗಳ ಮುಟ್ಟಿಗೆ ಹೊರಗಾದರೆ ಮೂರು ದಿನ ಒಳಗೆ ಕಾಲಿಡುವಂತಿಲ್ಲ. ನಾಲ್ಕೂ ಮನೆಗೆ ಒಂದೇ ಆದ ಹಿಂದಿನ ಜಗಲಿಯ ಒಂದು ತುದಿಯಲ್ಲಿ ಅವರದೇ ಚಾಪೆ, ಅವರದೇ ತಟ್ಟೆ, ಅವರದೇ ಚೊಂಬು. ದೇವರ ಹೂವಿನ ಗಿಡ ಮುಟ್ಟಬಾರದು, ಉಪ್ಪಿನಕಾಯಿ ಭರಣಿಯ ಹತ್ತಿರ ಸುಳಿಯಬಾರದು. ವೀಳ್ಯದೆಲೆ ಬಳ್ಳಿಯನ್ನಂತೂ ಮುಟ್ಟಲೇಬಾರದು. ಹೊರಗಾದವರ ಕೈ ತಾಗಿದರೆ ಬಳ್ಳಿ ಬುಡದಿಂದ ಬಾಡುತ್ತದೆ ಎಂದು ಇಲ್ಲಿಯ ನಂಬಿಕೆ.

ಹೊರಗೆ ಕೂತವರಿಗೆ ಊಟ ಬಡಿಸುವ ಕೆಲಸ ಗಂಗಾಲಕ್ಷ್ಮಿಯವರದು. ನಾಲ್ಕು ಮನೆಗಳ ಹಿರಿಯ ಸೊಸೆ ಅವರು. ವಯಸ್ಸು ಐವತ್ತು ದಾಟಿ ಮುಟ್ಟು ನಿಂತದ್ದರಿಂದ ಈ ಕೆಲಸ ತಾನಾಗಿಯೇ ಅವರ ಪಾಲಿಗೆ ಬಂತು. ಅನ್ನವನ್ನು ಎತ್ತರದಿಂದ ತಟ್ಟೆಗೆ ಹಾಕಿ, ಪಾತ್ರೆ ಒಳಗಿಟ್ಟು ಅವರು ಮತ್ತೆ ಹಿಂದಿನ ಜಗಲಿಗೆ ಬರುತ್ತಿದ್ದರು. ಕಟ್ಟಳೆಯಂತೆ ಒಂದು ಮಾರು ದೂರದಲ್ಲಿ ಮಣೆ ಹಾಕಿಕೊಂಡು, ಎಲೆಅಡಿಕೆ ಡಬ್ಬಿ ತೆರೆದು, ಕಾಲು ಚಾಚಿ ಕೂರುತ್ತಿದ್ದರು.

"ಎಂತ ಕೂಸೇ, ಹೊಟ್ಟೆನೋವಾ?"

ಪಾಠ ಅಲ್ಲಿಂದ ಶುರುವಾಗುತ್ತಿತ್ತು.

ಇದನ್ನು ಪಾಠ ಎಂದು ಅವರು ಯಾವತ್ತೂ ಕರೆದವರಲ್ಲ. ಆದರೆ ಅದಕ್ಕೊಂದು ಕ್ರಮವಿತ್ತು. ಮೊದಲ ಸಲ ಹೊರಗೆ ಕೂತ ಹುಡುಗಿಗೆ ರಕ್ತ ಎಲ್ಲಿಂದ ಬರುತ್ತದೆ, ಏಕೆ ಬರುತ್ತದೆ, ಬಟ್ಟೆಯನ್ನು ಬಿಸಿಲಿಗೇ ಒಣಗಿಸಬೇಕು ಏಕೆ ಎಂಬಷ್ಟು ಮಾತ್ರ. ಮುಂದಿನ ತಿಂಗಳುಗಳಲ್ಲಿ ಮಗು ಹೇಗಾಗುತ್ತದೆ, ಹೇಗೆ ಆಗುವುದಿಲ್ಲ. ಹೈಸ್ಕೂಲಿಗೆ ಹೋಗುವವಳಾದರೆ, ಬೇಡದ ಕೈ ಮೈಮೇಲೆ ಬಂದರೆ ಯಾರಿಗೆ ಹೇಳಬೇಕು, ಚಿಕ್ಕ ವಯಸ್ಸಿನಲ್ಲಿ ಬಸಿರಾದರೆ ತಾಯಿಗೂ ಮಗುವಿಗೂ ಏನಾಗುತ್ತದೆ. ಮದುವೆ ಗೊತ್ತಾದವಳಿಗೆ ಇನ್ನಷ್ಟು: ನಿರೋಧ್ ಏಕೆ, ಗಂಡಹೆಂಡಿರ ನಡುವೆ ಕಾಯಿಲೆ ಹೇಗೆ ದಾಟುತ್ತದೆ, ಬಿಳಿಸೆರಗು ವಾಸನೆ ಬಂದರೆ ಮುಚ್ಚಿಡಬಾರದು.

ಮೊದಮೊದಲು ಅವರು ಸೀಗುಂಬಳದ ಗಂಡುಹೂವು, ಹೆಣ್ಣುಹೂವಿನ ಉದಾಹರಣೆ ಕೊಡುತ್ತಿದ್ದರು. ಎಲ್ಲ ಕೇಳಿಸಿಕೊಂಡ ಒಬ್ಬ ಹುಡುಗಿ, "ಹಾಗಾರೆ ದೊಡ್ಡಮ್ಮ, ಜೇನುಹುಳ ಮೈಮೇಲೆ ಕೂತ್ರೆ ಕಷ್ಟವಾ?" ಎಂದು ಕೇಳಿದಳು. ಅಂದಿನಿಂದ ಕುಂಬಳಬಳ್ಳಿಯನ್ನು ಕೈಬಿಟ್ಟರು. "ಮನುಷ್ಯರ ಸುದ್ದಿಯನ್ನ ಮನುಷ್ಯರ ಹಾಗೇ ಹೇಳೂದು ಒಳ್ಳೇದು ಮಾರಾಯ್ತಿ" ಎಂದು ವಾರಗಿತ್ತಿ ಸುಬ್ಬಲಕ್ಷ್ಮಿಯ ಹತ್ತಿರ ಹೇಳಿ ನಕ್ಕಿದ್ದರು.

ಹಿಂದಿನ ಜಗಲಿಯನ್ನೇ ಏಕೆ ಆರಿಸಿಕೊಂಡರು ಎಂಬುದಕ್ಕೆ ಅವರ ಉತ್ತರ ಸರಳ. ಉಳಿದ ದಿನ ಹುಡುಗಿಯ ಸುತ್ತ ಮನೆ ತುಂಬ ಜನ, ಕೈತುಂಬ ಕೆಲಸ. ಈ ಮೂರು ದಿನ ಅವಳಿಗೆ ಕೆಲಸವಿಲ್ಲ, ಗಂಡಸರು ಆ ದಿಕ್ಕಿಗೆ ತಲೆಹಾಕುವುದಿಲ್ಲ, ಕದ್ದು ಕೇಳುವವರಿಲ್ಲ. "ಕೂರಿಸಬೇಡಿ ಅಂತ ಹೇಳೂ ಧೈರ್ಯ ನಂಗೆ ಇರಲಿಲ್ಲ. ಕೂತವರನ್ನ ಸುಮ್ಮನೆ ಕೂರಿಸೂದು ಬೇಡ ಅನ್ನಿಸ್ತು."

ಅವರ ತವರು ಕೊಪ್ಪದ ಹಿರೇಕೊಡಿಗೆ. ಹತ್ತನೇ ತರಗತಿ ಓದುತ್ತಿದ್ದಾಗಲೇ ಮದುವೆಯಾಗಿ ಈ ಮನೆಗೆ ಬಂದರು. ಮದುವೆಯೆಂದರೇನು ಎಂದು ಯಾರೂ ಹೇಳಿರಲಿಲ್ಲ. ಹದಿನೇಳಕ್ಕೆ ಮೊದಲ ಹೆರಿಗೆ. ನೋವು ಎರಡು ದಿನ ಎಳೆದು, ಕೊನೆಗೆ ಕೊಪ್ಪದ ಆಸ್ಪತ್ರೆಗೆ ಸಾಗಿಸಿದರು. ತಾಯಿ ಉಳಿದರು, ಮಗು ಉಳಿಯಲಿಲ್ಲ. ಹೆರಿಗೆಯ ಸೂತಕವೆಂದು ಜೊತೆಗೆ ಬಂದವರು ಬಾಗಿಲಾಚೆ ನಿಂತಿದ್ದಾಗ, ಹಾಸಿಗೆಯ ಮೇಲೆಯೇ ಬಂದು ಕೂತವರು ನರಸಿಂಹರಾಜಪುರದ ಅನ್ನಮ್ಮ. ಆಗ ಅವರೂ ಹೊಸ ನರ್ಸು.

"ಇನ್ನೊಂದು ಸಲ ಹೀಗಾಗದ ಹಾಗೆ ಎಂತ ಮಾಡೂದು ಸಿಸ್ಟರ್?"

"ಈ ವಾರ್ಡಲ್ಲಿ ಎಲ್ಲರೂ ಅಳ್ತಾರೆ. ಕೇಳಿದವಳು ನೀನೊಬ್ಬಳೇ" ಎಂದು ಅನ್ನಮ್ಮ ಕಾಲು ಮೇಲೆತ್ತಿ ಕೂತು ಹೇಳತೊಡಗಿದರು. ಆ ಮಾತುಕತೆ ನಿಲ್ಲಲೇ ಇಲ್ಲ. ಅನ್ನಮ್ಮ ನಿವೃತ್ತರಾಗಿ ಕೊಪ್ಪದ ಒಬ್ಬ ಲೇಡಿ ಡಾಕ್ಟರ ಕ್ಲಿನಿಕ್ಕಿಗೆ ಸೇರಿದ ಮೇಲೂ, ಪೇಟೆಗೆ ಹೋದಾಗಲೆಲ್ಲ ಗಂಗಾಲಕ್ಷ್ಮಿ ಒಂದು ಬಾಳೆಗೊನೆ, ನಾಲ್ಕು ಪ್ರಶ್ನೆ ಹೊತ್ತು ಅಲ್ಲಿಗೆ ಹೋಗುತ್ತಿದ್ದರು. ಅವರಿಗೆ ಆಮೇಲೆ ಹುಟ್ಟಿದ ಇಬ್ಬರು ಮಕ್ಕಳ ನಡುವೆ ಐದು ವರ್ಷದ ಅಂತರವಿದೆ. ಆ ಕಾಲಕ್ಕೆ ನಾಲ್ಕೂ ಮನೆಯಲ್ಲಿ ಅದೇ ಒಂದು ಸುದ್ದಿ.

ಕೆರೆಕಟ್ಟೆ ದಾರಿಯಲ್ಲಿ ಜೀಪು ಓಡಿಸುವ ಮಂಜಯ್ಯನಿಗೆ ಎಚ್‌ಐವಿ ಇದೆಯೆಂದು ಗೊತ್ತಾದಾಗ ಊರವರು ಆ ಜೀಪು ಹತ್ತುವುದನ್ನೇ ಬಿಟ್ಟಿದ್ದರು. ಬಸ್ಸಿಗೆ ಗಂಟೆಗಟ್ಟಲೆ ಕಾದರೂ ಸರಿ, ಆ ಸೀಟು ಬೇಡ. ಒಂದು ದಿನ ಅಕ್ಕಿಮೂಟೆ ಇಳಿಸಲು ಬಂದ ಮಂಜಯ್ಯನಿಗೆ ಗಂಗಾಲಕ್ಷ್ಮಿ ಜಗಲಿಯಲ್ಲಿ ಮನೆಯ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟರು. ಅವನು ಕುಡಿದಿಟ್ಟ ಲೋಟ ತೊಳೆದು ಅದರಲ್ಲೇ ತಾವೂ ಕುಡಿದರು. ಪಕ್ಕದ ಮನೆಯ ಜಗಲಿಯಲ್ಲಿ ಪಂಚಾಂಗ ನೋಡುತ್ತಿದ್ದ ಮೈದುನ ವಿದ್ಯಾಶಂಕರ ಇದನ್ನು ಕಂಡರು. ಪಂಚಾಂಗದ ಪುಟ ಮಗುಚಿದರು.

ವಿದ್ಯಾಶಂಕರ ಪೌರೋಹಿತ್ಯದವರು, ಸಾಧು. ಅತ್ತಿಗೆಯ ಮೇಲೆ ಗೌರವವಿದ್ದವರು. ಆದರೆ ೨೦೦೭ರಲ್ಲಿ, ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣ ಬೇಕೋ ಬೇಡವೋ ಎಂದು ರಾಜ್ಯದಲ್ಲಿ ಗಲಾಟೆಯೆದ್ದು, ಕೊನೆಗೆ ಬೇಡವೆಂದೇ ತೀರ್ಮಾನವಾದಾಗ ಅವರಿಗೂ ದಿಗಿಲಾಯಿತು. ಪತ್ರಿಕೆ ಮಡಚಿ ಅತ್ತಿಗೆಯ ಮನೆಗೆ ಬಂದರು.

"ಅತ್ತಿಗೆ, ನೀವು ಹಿಂದೆ ಕೂತು ಮಾತಾಡೂದು ನಂಗೆ ಗೊತ್ತಿಲ್ಲದ್ದಲ್ಲ. ನಮ್ಮ ಕೂಸಿಗೆ ಮಾತ್ರ ಈಗಲೇ ಅದೆಲ್ಲ ಬೇಡ. ಸರ್ಕಾರವೇ ಬೇಡ ಅಂದ ಮೇಲೆ..."

"ಸರ್ಕಾರ ನಮ್ಮ ಹಿಂದಿನ ಜಗಲಿಗೂ ಬಂತಾ?" ಎಂದು ಅವರು ನಕ್ಕರು. ಮೈದುನ ನಗಲಿಲ್ಲ. "ಆಯ್ತು ಮಾರಾಯ್ರೆ. ನಿಮ್ಮ ಕೂಸು, ನಿಮ್ಮ ಮಾತು" ಎಂದರು.

ಆ ಕೂಸು ವಿದ್ಯಾಶಂಕರ, ಸುಬ್ಬಲಕ್ಷ್ಮಿಯರ ಮಗಳು ಭಾರ್ಗವಿ. ಹತ್ತನೇ ತರಗತಿ. ಅವಳು ಹೊರಗಾಗತೊಡಗಿದ್ದು ತಡವಾಗಿ, ಆ ವರ್ಷವೇ. ಮೊದಲ ಪಾಠ ಅವಳಿಗೆ ಆಗಿತ್ತು, ಉಳಿದವು ಬಾಕಿ. ಶಾಲೆಯಲ್ಲಿ ಜೀವಶಾಸ್ತ್ರದ ಆ ಅಧ್ಯಾಯವನ್ನು ಮೇಷ್ಟ್ರು "ಮನೆಯಲ್ಲಿ ಓದಿಕೊಳ್ಳಿ" ಎಂದು ದಾಟಿಸಿದ್ದರು.

ಆ ವರ್ಷದ ದಸರಾ ರಜೆಗೆ ಮುಂಚೆ ಭಾರ್ಗವಿ ಶಾಲೆಗೆ ಹೋಗುವುದನ್ನು ನಿಲ್ಲಿಸಿದಳು. ತಲೆನೋವು ಎಂದಳು, ಓದು ಹತ್ತುವುದಿಲ್ಲ ಎಂದಳು. ಇನ್ನು ಮನೆಯಲ್ಲೇ ಇರುತ್ತೇನೆ ಎಂದೂ ಹೇಳಿಬಿಟ್ಟಳು. ವಿದ್ಯಾಶಂಕರ ಬೈಯಲಿಲ್ಲ. "ಮನಸ್ಸಿಲ್ಲದಿದ್ರೆ ಒತ್ತಾಯ ಯಾಕೆ? ಹರಿಹರಪುರದ ಕಡೆಯವರು ಜಾತಕ ಕೇಳಿದ್ದಾರೆ. ಈಗ ಮಾತಾಡಿಟ್ರೆ ಮುಂದೆ ನೋಡಿಕೊಳ್ಳಬಹುದು" ಎಂದರು. ಪಕ್ಕದ ಮನೆಯಲ್ಲಿ ಇದನ್ನು ಕೇಳಿದ ಗಂಗಾಲಕ್ಷ್ಮಿಯವರಿಗೆ ಆ ದಿನ ಊಟ ಸೇರಲಿಲ್ಲ. ಹತ್ತನೇ ತರಗತಿ, ಶಾಲೆ ನಿಂತದ್ದು, ಜಾತಕ. ತಮಗೆ ಆದದ್ದೂ ಇದೇ ಸಾಲಿನಲ್ಲಿ.

ಅದೇ ವಾರ ಭಾರ್ಗವಿ ಹೊರಗೆ ಕೂತಳು.

ಎರಡನೆಯ ದಿನ ಮಧ್ಯಾಹ್ನ ಗಂಗಾಲಕ್ಷ್ಮಿ ಬಡಿಸಿ, ಮಣೆ ಹಾಕಿ ಕೂತರು. ಮೈದುನನಿಗೆ ಕೊಟ್ಟ ಮಾತಿದ್ದುದರಿಂದ ಬೆಕ್ಕಿನ ಮರಿಯ ಸುದ್ದಿ, ಹಪ್ಪಳದ ಸುದ್ದಿ ಎತ್ತಿದರು. ಹುಡುಗಿ ಅನ್ನ ಕಲಸುತ್ತಿದ್ದಳೇ ಹೊರತು ತಿನ್ನುತ್ತಿರಲಿಲ್ಲ. ಎಲ್ಲೋ ನೋಡುತ್ತಿದ್ದಳು. ಡಬ್ಬಿ ತೆರೆದರೆ ಅದರಲ್ಲಿ ಎಲೆಯೇ ಇಲ್ಲ.

"ಥೋ, ಎಲೆ ಹಾಕಿಕೊಂಡು ಬರೂದೇ ಮರೆತೆ" ಎಂದು ಅವರು ಗೊಣಗಿದರು.

ಭಾರ್ಗವಿ ಕೈತೊಳೆದು ಎದ್ದಳು. ನಾಲ್ಕು ಹೆಜ್ಜೆ ಆಚೆ ಹಾಲುವಾಣದ ಮರಕ್ಕೆ ಹಬ್ಬಿದ ಬಳ್ಳಿಯಿಂದ ಎರಡು ಎಲೆ ಕೊಯ್ದು ತಂದು, ಕಟ್ಟಳೆಯಂತೆ ದೂರದಲ್ಲಿ ನೆಲದ ಮೇಲಿಟ್ಟು, ಮತ್ತೆ ಚಾಪೆಯಲ್ಲಿ ಕೂತಳು.

ಗಂಗಾಲಕ್ಷ್ಮಿ ಎಲೆಯನ್ನು ಸೆರಗಿನಲ್ಲಿ ಒರೆಸಿದರು. ನಾರು ತೆಗೆದು ಸುಣ್ಣ ಹಚ್ಚಿದರು. ಈ ಮನೆಯಲ್ಲಿ ಹುಟ್ಟಿದ ಯಾವ ಹುಡುಗಿಯೂ ಹೊರಗಾದಾಗ ಆ ಬಳ್ಳಿಯ ಹತ್ತಿರ ಹೋದದ್ದಿಲ್ಲ, ಕನಸಿನಲ್ಲೂ ಹೋಗುವುದಿಲ್ಲ. ಎಲೆ ಬಾಯಿಗಿಟ್ಟು ಅರ್ಧ ಜಗಿಯುವ ಹೊತ್ತಿಗೆ ಅವರಿಗೆ ಅರ್ಥವಾಗಿತ್ತು.

"ಕೂಸೇ, ನೀನು ಹೊರಗಾಗಲಿಲ್ಲ ಅಲ್ದಾ?"

ಹುಡುಗಿ ಬಳ್ಳಿಯ ಕಡೆ ನೋಡಿದಳು. ಆಗಲೇ ಅವಳಿಗೂ ಹೊಳೆದದ್ದು. ಮುಖ ಬಿಳಿಚಿತು.

"ಹೆದರಬೇಡ. ಎಷ್ಟು ದಿನ ತಪ್ಪಿತು?"

"ಹೋದ ತಿಂಗಳೂ ಆಗಲಿಲ್ಲ. ಅಮ್ಮ ಕ್ಯಾಲೆಂಡರ್ ನೋಡ್ತಾಳೆ. ಅದಕ್ಕೇ ಆಗಲೂ ಈಗಲೂ ಸುಮ್ಮನೆ ಬಂದು ಕೂತೆ" ಎಂದು ಭಾರ್ಗವಿ ಅಳತೊಡಗಿದಳು. "ನಂಗೆ ಹೊಟ್ಟೇಲಿ ಮಗು ಬಂದದೆ ದೊಡ್ಡಮ್ಮ."

ಗಂಗಾಲಕ್ಷ್ಮಿ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟರು. ದನಿ ಏರಲಿಲ್ಲ. "ಯಾವ ಮಾಣಿ?"

"ನಮ್ಮ ಕ್ಲಾಸಿನ ಶಿಶಿರ."

"ಬಲವಂತ ಮಾಡಿದನಾ? ನಿಜ ಹೇಳು. ತಪ್ಪು ನಿಂದಲ್ಲ."

"ಇಲ್ಲಪ್ಪ! ಪಾಪದ ಮಾಣಿ. ಬಸ್‌ಸ್ಟ್ಯಾಂಡಲ್ಲಿ ನಾನು ಮಳೆಗೆ ಪೂರ್ತಿ ಒದ್ದೆಯಾಗಿದ್ದೆ. ಬ್ಯಾಗಲ್ಲಿದ್ದ ಅಂಗಿ ಕೊಟ್ಟ. ನಾನು ಹಾಕ್ಕೊಂಡು ಮನೆ ತಿರುವಿನ ತನಕ ಬಂದೆ. ಅವತ್ತು ನಾನು ಹೊರಗಾಗಿದ್ದೆ. ಪರೀಕ್ಷೆ ತಪ್ಪಬಾರದು ಅಂತ ಮನೇಲಿ ಎರಡು ದಿನ ತಡವಾಗಿ ಹೇಳಿದೆ."

"ಮತ್ತೆ?"

"ಮತ್ತೆ ಮಾರನೇ ದಿನ ಅಂಗಿ ವಾಪಸ್ ಕೊಟ್ಟೆ."

"ಅಷ್ಟೇನಾ?"

"ಅವನು ಮುಖ ಕೂಡ ನೋಡಲಿಲ್ಲ. ತಗೊಂಡವನೇ ಓಡಿದ."

ಗಂಗಾಲಕ್ಷ್ಮಿ ಉಸಿರು ಬಿಟ್ಟರು. ಹುಡುಗಿ ಕಣ್ಣೊರೆಸಿಕೊಂಡು ತನ್ನ ಲೆಕ್ಕವನ್ನು ಬಿಡಿಸಿ ಹೇಳಿದಳು. ಹೊರಗಾದಾಗ ಮುಟ್ಟಿದರೆ ಮೈಲಿಗೆ ಅಂಟುತ್ತದೆ. ಬಟ್ಟೆಯಿಂದಲೂ ಅಂಟುತ್ತದೆ. ಹತ್ತಿಬಟ್ಟೆಯಾದರೆ ಖಂಡಿತ, ಉಣ್ಣೆಗೆ ಮಾತ್ರ ದೋಷವಿಲ್ಲ. ಶಿಶಿರನದು ಹತ್ತಿಯ ಅಂಗಿ. ಗಂಡು ಹೆಣ್ಣು ಸೇರಿದರೆ ಮಗುವಾಗುತ್ತದೆ ಎಂದು ಗೆಳತಿ ಸೌಜನ್ಯ ಹೇಳಿದ್ದಳು. ಸೇರುವುದೆಂದರೆ ಏನೆಂದು ಸೌಜನ್ಯಳಿಗೂ ಗೊತ್ತಿರಲಿಲ್ಲ. ಅಂಗಿಯ ಮೂಲಕ ಮುಟ್ಟಿದ್ದೇ ಸೇರಿದ್ದಾಯಿತು ಎಂದು ಇವಳು ತಿಳಿದಳು. ಮುಂದಿನ ತಿಂಗಳು ಮುಟ್ಟು ಬರಲಿಲ್ಲ. ಹಿತ್ತಲಲ್ಲಿ ಮುದುಕಿಯರು ಯಾವತ್ತೋ ಆಡಿಕೊಂಡ ಮಾತು ನೆನಪಿಟ್ಟು ಯಾವುದೋ ಬೇರು ಕುದಿಸಿ ಕುಡಿದಳು. ವಾಂತಿಯಾಯಿತು. ಬಸುರಿಯರಿಗೆ ವಾಂತಿಯಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಹಾಗಾಗಿ ಇನ್ನಷ್ಟು ಕುಡಿದಳು.

"ಈಗಲೂ ಉಂಟಾ ಅದು?"

ಭಾರ್ಗವಿ ಚಾಪೆಯ ಹಿಂದಿನಿಂದ ಒಂದು ಬಾಟಲಿ ತೆಗೆದಳು.

ಗಂಗಾಲಕ್ಷ್ಮಿ ಎದ್ದು ಹೋಗಿ ಬಾಟಲಿ ತೆಗೆದುಕೊಂಡರು. ಅವಳ ಪಕ್ಕ ಚಾಪೆಯ ಮೇಲೆಯೇ ಕೂತು ಹಣೆ ಮುಟ್ಟಿದರು. ಕಾವಲಿಯಂತೆ ಸುಡುತ್ತಿತ್ತು. ಹೊರಗೆ ಕೂತವಳ ಹಣೆ ಮುಟ್ಟಿ ನೋಡುವವರು ಯಾರು?

"ಕೇಳು. ಮೈಲಿಗೆ ಮುಟ್ಟಿದ್ರೆ ಅಂಟ್ತದೆ ಅಂತ ನಾವು ಹೇಳಿದ್ದು. ಮಗು ಹಾಗೆ ಅಂಟೂದಲ್ಲ. ಅಂಗಿಯಿಂದ, ಸೀಟಿನಿಂದ, ಕೈ ಹಿಡಿದ್ರೆ ಯಾರೂ ಬಸಿರಾಗೂದಿಲ್ಲ. ಮಂಜಯ್ಯನ ಕಾಯಿಲೆಯೂ ಲೋಟದಿಂದ ಬರೂದಿಲ್ಲ." ಆಮೇಲೆ ಮಗು ಹೇಗಾಗುತ್ತದೆ ಎಂಬುದನ್ನು ಹೂವಿನ ಹೆಸರಿಲ್ಲದೆ, ಕಣ್ಣು ತಪ್ಪಿಸದೆ, ಹೇಳಬೇಕಾದಷ್ಟು ಹೇಳಿದರು. ಭಾರ್ಗವಿ ಬಾಯಿ ತೆರೆದು ಕೇಳಿದಳು.

"ಇಶ್ಶಿ! ಅಂಥದ್ದೆಂತದೂ ಆಗಲೇ ಇಲ್ಲ ದೊಡ್ಡಮ್ಮ!"

"ಆಗಲಿಲ್ಲ ಅಂದ್ರೆ ಮಗುವೂ ಇಲ್ಲ."

ಆ ಹೊತ್ತಿಗೆ ಹಿಂಬಾಗಿಲು ತೆರೆದು ಸುಬ್ಬಲಕ್ಷ್ಮಿ ಮಜ್ಜಿಗೆ ಹಿಡಿದು ಬಂದರು. ಚಾಪೆಯ ಮೇಲೆ ವಾರಗಿತ್ತಿ, ಅವರ ತೊಡೆಯ ಮೇಲೆ ಮಗಳ ತಲೆ.

"ಅಯ್ಯೋ ಅಕ್ಕಾ! ಮುಟ್ಟಿಬಿಟ್ರಲ್ಲ!"

ನಿಜ ಹೇಳಿದರೆ ಹುಡುಗಿಯ ಸುಳ್ಳು ಬಯಲಾಗುತ್ತಿತ್ತು. ಗಂಗಾಲಕ್ಷ್ಮಿ ಮೆಲ್ಲಗೆ ಎದ್ದರು. "ಮರೆತೇ ಹೋಯ್ತು ಮಾರಾಯ್ತಿ. ಪ್ರಾಯ ಆಯ್ತು ನೋಡು. ಸ್ನಾನ ಮಾಡಿ ಬತ್ತೆ." ಬಾವಿಕಟ್ಟೆಗೆ ಹೋಗಿ, ಬಾಟಲಿಯಲ್ಲಿದ್ದುದನ್ನು ಬಚ್ಚಲ ಮೋರಿಗೆ ಚೆಲ್ಲಿ, ಉಟ್ಟ ಸೀರೆಯಲ್ಲೇ ತಲೆಗೆ ತಣ್ಣೀರು ಸುರಿದುಕೊಂಡರು. ಕಟ್ಟಳೆಯಲ್ಲಿ ಬೇಕಿಲ್ಲದ ಸ್ನಾನ ಅದು. ಮುಟ್ಟಿದ್ದರಲ್ಲಿ ಮೈಲಿಗೆಯೇ ಇರಲಿಲ್ಲ.

"ಅತ್ತಿಗೆ, ಇಷ್ಟೊತ್ತಿನಲ್ಲಿ ತಣ್ಣೀರಾ?" ಎಂದು ವಿದ್ಯಾಶಂಕರ ಆಚೆಯಿಂದ ಕೂಗಿದರು.

"ಪುಣ್ಯ ಕಟ್ಟಿಕೊಳ್ತಿದ್ದೆ. ನಿಮಗೂ ಅರ್ಧ ಕೊಡ್ತೆ, ಇರಿ."

ಸೀರೆ ಬದಲಿಸಿ ಮತ್ತೆ ಬಂದು ಭಾರ್ಗವಿಗೆ ಒಂದೇ ಮಾತು ಹೇಳಿದರು: "ಜ್ವರ ಉಂಟು, ಡಾಕ್ಟ್ರ ಹತ್ತಿರ ಹೋಗಲೇಬೇಕು. ಅಮ್ಮಂಗೆ ನೀನೇ ಹೇಳು. ನಾನು ಪಕ್ಕದಲ್ಲಿರ್ತೆ."

ಸಂಜೆ ಸುಬ್ಬಲಕ್ಷ್ಮಿಯವರನ್ನು ಹೊಸ್ತಿಲಲ್ಲಿ ಕೂರಿಸಿ ಹುಡುಗಿ ಹೇಳಿದಳು. ತಾಯಿ ಮೊದಲು ತಲೆ ಚಚ್ಚಿಕೊಂಡರು. ಅಂಗಿಯ ವಿಷಯ ಪೂರ್ತಿ ಕೇಳಿದ ಮೇಲೆ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟರು. ಆಮೇಲೆ ಅತ್ತರು. "ನಾನು ಹೇಳಬೇಕಿತ್ತು ಅಕ್ಕಾ. ಹೇಗೂ ನೀವು ಹೇಳ್ತೀರಿ ಅಂತ ಸುಮ್ಮನಿದ್ದೆ. ಇವರು ನಿಮಗೆ ಬೇಡ ಅಂದಾಗಲೂ ಸುಮ್ಮನಿದ್ದೆ."

"ಅಮ್ಮ, ನಿಂಗೆ ಯಾರು ಹೇಳಿದ್ದು?" ಎಂದು ಭಾರ್ಗವಿ ಕೇಳಿದಳು.

"ಇವರೇ. ಬಾವಿಕಟ್ಟೇಲಿ. ಅಷ್ಟೊತ್ತಿಗೆ ನೀನು ಹೊಟ್ಟೇಲಿದ್ದೆ" ಎಂದರು ಸುಬ್ಬಲಕ್ಷ್ಮಿ. ಮೂವರೂ ನಕ್ಕರು.

ಬೆಳಿಗ್ಗೆ ಮಂಜಯ್ಯನ ಜೀಪಿನಲ್ಲಿ ಶೃಂಗೇರಿಗೆ, ಅಲ್ಲಿಂದ ಬಸ್ಸಿನಲ್ಲಿ ಕೊಪ್ಪಕ್ಕೆ ಹೋದರು. ಸುಬ್ಬಲಕ್ಷ್ಮಿ ಆ ಜೀಪು ಹತ್ತಿದ್ದು ಅದೇ ಮೊದಲು. ಮಂಜಯ್ಯ ಕನ್ನಡಿಯಲ್ಲಿ ನೋಡಿ, "ಅಮ್ಮಾ, ಸೀಟು ಒರೆಸಿದ್ದೇನೆ" ಎಂದ. "ಒರೆಸದಿದ್ರೂ ನಡೀತಿತ್ತು ಮಂಜಯ್ಯ" ಎಂದರು ಸುಬ್ಬಲಕ್ಷ್ಮಿ. ಅಷ್ಟು ಹೇಳಲು ಅವರು ತಿರುವಿನಿಂದ ತಿರುವಿಗೆ ಧೈರ್ಯ ಕೂಡಿಸಿಕೊಂಡಿದ್ದರು.

ಲೇಡಿ ಡಾಕ್ಟರು ಕಷಾಯದ ಸುದ್ದಿ ಕೇಳಿ ಗಂಭೀರರಾದರು. ಇಂಥದ್ದನ್ನು ಕುಡಿದು ಪ್ರಾಣಕ್ಕೆ ಕುತ್ತು ತಂದುಕೊಂಡವರಿದ್ದಾರೆ ಎಂದು ಎಚ್ಚರಿಸಿ, ರಕ್ತ ಪರೀಕ್ಷೆ ಮಾಡಿಸಿ, ಜ್ವರಕ್ಕೂ ಹೊಟ್ಟೆಗೂ ಔಷಧ ಬರೆದರು. ಈ ವಯಸ್ಸಿನಲ್ಲಿ ಮುಟ್ಟು ಹಿಂದೆಮುಂದೆ ಆಗುವುದುಂಟು, ಪರೀಕ್ಷೆಯ ಚಿಂತೆಗೂ ನಿಲ್ಲುತ್ತದೆ, ಹೆದರಿಕೆಗೆ ಇನ್ನಷ್ಟು ನಿಲ್ಲುತ್ತದೆ ಎಂದರು. ಬಸಿರಿನ ಪರೀಕ್ಷೆ ಬೇಕಿರಲಿಲ್ಲ. ಆದರೂ ಅನ್ನಮ್ಮ ಒಂದು ಪಟ್ಟಿ ತಂದರು. "ಡಾಕ್ಟ್ರಿಗೆ ಬೇಡ, ಈ ಹುಡುಗಿಗೆ ಬೇಕು. ತಾನೇ ನೋಡಲಿ." ಭಾರ್ಗವಿ ನೋಡಿದಳು. ಒಂದೇ ಗೆರೆ, ಅಂದರೆ ಬಸಿರಿಲ್ಲ. ಇನ್ನೊಂದು ಬರುತ್ತದೇನೋ ಎಂದು ಬೆಳಕಿಗೆ ಹಿಡಿದು ಮತ್ತೂ ನೋಡಿದಳು.

"ಸಾಕು ಮಾರಾಯ್ತಿ, ದಿಟ್ಟಿಸಿದ್ರೆ ಗೆರೆ ಹುಟ್ಟಲ್ಲ" ಎಂದು ಅನ್ನಮ್ಮ ಅವಳ ತಲೆಗೆ ಮೊಟಕಿದರು. ಮತ್ತೆ ಗಂಗಾಲಕ್ಷ್ಮಿಯ ಕಡೆ ತಿರುಗಿ, "ನಿನ್ನ ಶಿಷ್ಯೆ ಇಷ್ಟು ದಡ್ಡಿ ಹೇಗಾದ್ಲು?" ಎಂದರು.

"ಅರ್ಧ ಪಾಠ ಮಾಡಿ ನಿಲ್ಲಿಸಿದ್ದೆ ಸಿಸ್ಟರ್. ಏನೂ ಗೊತ್ತಿಲ್ಲದ್ದಕ್ಕಿಂತ ಅದು ಕಷ್ಟ."

ಮನೆಗೆ ಬಂದ ಮೇಲೆ ಸುಬ್ಬಲಕ್ಷ್ಮಿ, ಮಗಳನ್ನು ಕೇಳಿಯೇ, ಗಂಡನಿಗೆ ಎಲ್ಲ ಹೇಳಿದರು. ವಿದ್ಯಾಶಂಕರ ಅಂದು ಸಂಧ್ಯಾವಂದನೆ ಮುಗಿಸಿ ಅತ್ತಿಗೆಯ ಮನೆಗೆ ಬಂದರು.

"ನಿಮಗೆ ಕೊಟ್ಟ ಮಾತು ಮುರಿದೆ" ಎಂದರು ಗಂಗಾಲಕ್ಷ್ಮಿ, ಅವರು ಬಾಯಿ ತೆರೆಯುವ ಮುಂಚೆಯೇ.

"ಆ ಬಾಟಲಿ ಪೂರ್ತಿ ಖಾಲಿಯಾಗಿದ್ರೆ ಏನಾಗ್ತಿತ್ತು ಅತ್ತಿಗೆ?"

ವಿದ್ಯಾಶಂಕರ ಶಲ್ಯ ಸರಿಮಾಡಿಕೊಂಡರು. "ಪಾಠ ಇನ್ನೂ ಬಾಕಿ ಉಂಟಾ?"

"ಉಂಟು."

"ಮುಗಿಸಿ. ಆ ಹೊತ್ತಿಗೆ ನಾನು ಎಲ್ಲಾದ್ರೂ ಹೋಗಿ ಬತ್ತೆ." ಮೆಟ್ಟಿಲಿಳಿಯುತ್ತ ನಿಂತರು. "ಹರಿಹರಪುರದವರಿಗೆ, ಕೂಸು ಓದ್ತಿದ್ದಾಳೆ ಅಂತ ಹೇಳಿ ಕಳಿಸಿದೆ."

ರಜೆ ಮುಗಿದ ಮೇಲೆ ಭಾರ್ಗವಿ ಶಾಲೆಗೆ ಹೋದಳು. ಬಿಟ್ಟುಹೋದ ಪಾಠಗಳನ್ನು ಸೌಜನ್ಯಳಿಂದ ಬರೆದುಕೊಂಡಳು. ಸೌಜನ್ಯಳಿಗೂ ತಾನು ಕಲಿತದ್ದನ್ನು ಹೇಳಿಕೊಟ್ಟಳು. ಶಿಶಿರ ಎದುರಾದರೆ ಈಗ ಅವಳಿಗೆ ನಗು ಬರುತ್ತಿತ್ತು. ಅವನು ಏನೆಂದು ತಿಳಿಯದೆ ಪ್ರತಿ ಸಲ ತನ್ನ ಅಂಗಿಯ ಗುಂಡಿ ನೋಡಿಕೊಳ್ಳುತ್ತಿದ್ದ.

ಮುಟ್ಟು ಮಾತ್ರ ಇನ್ನೂ ಬಂದಿರಲಿಲ್ಲ. ಪಟ್ಟಿಯ ಒಂದೇ ಗೆರೆ ನೋಡಿದ್ದರೂ ಹುಡುಗಿಯ ಮನಸ್ಸಿನ ಒಂದು ಮೂಲೆ ಹೆದರುತ್ತಲೇ ಇತ್ತು ಎಂಬುದು ದೊಡ್ಡಮ್ಮನಿಗೆ ಗೊತ್ತಿತ್ತು. ಹತ್ತಾರು ವರ್ಷ ಕಲಿಸಿದ್ದು ಒಂದು ಮಧ್ಯಾಹ್ನಕ್ಕೆ ಹೋಗುವುದಿಲ್ಲ.

ದೀಪಾವಳಿ ಕಳೆದು ಕೆಲವು ದಿನಗಳಾಗಿದ್ದವು. ಗಂಗಾಲಕ್ಷ್ಮಿ ಹಿಂದಿನ ಜಗಲಿಗೆ ಬಂದು ನೋಡಿದರೆ, ಚಾಪೆಯ ಮೇಲೆ ಭಾರ್ಗವಿ ಪುಸ್ತಕ ಹಿಡಿದು ಕೂತಿದ್ದಾಳೆ. ಹೊಟ್ಟೆ ಹಿಡಿದುಕೊಂಡಿದ್ದಾಳೆ, ಮುಖ ಹಿಂಡಿಕೊಂಡಿದ್ದಾಳೆ. ಅವರು ಮಣೆ ಹಾಕಿ ಕೂತು, ಡಬ್ಬಿ ತೆರೆದು, ಒಳಗೆ ನೋಡದೆಯೇ ಹೇಳಿದರು.

"ಕೂಸೇ, ಎಲೆ ಮರೆತು ಬಂದೆ. ಎರಡು ಕೊಯ್ದು ಕೊಡು."

"ನಾನು ಮುಟ್ಟುವ ಹಾಗಿಲ್ಲ ದೊಡ್ಡಮ್ಮ" ಎಂದಳು ಭಾರ್ಗವಿ. ಹಿಂಡಿದ ಮುಖದಲ್ಲೇ ನಗು ಒಡೆಯಿತು. "ಈ ಸಲ ನಿಜ."

ಗಂಗಾಲಕ್ಷ್ಮಿ ಡಬ್ಬಿಯನ್ನು ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡರು.

ಬಾಗಿಲಲ್ಲಿ ಓಮದ ಕಷಾಯ ಹಿಡಿದು ನಿಂತಿದ್ದ ಸುಬ್ಬಲಕ್ಷ್ಮಿ ಇಬ್ಬರನ್ನೂ ನೋಡಿದರು. ಒಳಗೆ ಗಂಡ ಇಲ್ಲವೆಂದು ಗೊತ್ತಿದ್ದರೂ ಒಮ್ಮೆ ಹಿಂದಿರುಗಿ ನೋಡಿದರು. ಬಂದು ಲೋಟವನ್ನು ಮಗಳ ಕೈಗೇ ಕೊಟ್ಟು, ಹೊಸ್ತಿಲ ಮೇಲೆ ಕೂತರು.

"ಕೊಯ್ದು ಕೊಡೇ. ಬಳ್ಳಿ ಬಾಡಿದ್ರೆ ಬೇರೆ ನೆಟ್ಟುಕೊಳ್ಳಾಣ."

ಭಾರ್ಗವಿ ಕಷಾಯ ಕುಡಿದು ಎದ್ದಳು. ಬಳ್ಳಿಯ ಮುಂದೆ ಒಂದು ಗಳಿಗೆ ನಿಂತು, ಅಮ್ಮನಿಗೂ ಸೇರಿಸಿ ಮೂರು ಎಲೆ ಕೊಯ್ದಳು.